ಬಳಸಿದ ಸ್ಪೋರ್ಟ್ಸ್ ಮೋಟಾರ್ ಸೈಕಲ್: ಖರೀದಿಗೆ ಮುನ್ನ ಪರಿಶೀಲಿಸತಕ್ಕ ಅಂಶಗಳು

ಹಳೆಯ ಲೇತ್ ಯಂತ್ರವೊಂದನ್ನು ಕೊಳ್ಳುವ ಸಣ್ಣ ಕೈಗಾರಿಕೋದ್ಯಮಿಯು ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಚಕ್‌ನ ಸಮೀಪದಲ್ಲಿ ಬೆಡ್ ಎಷ್ಟು ಸವೆದಿದೆಯೆಂದು ಬೆರಳಾಡಿಸಿ ನೋಡುತ್ತಾನೆ. ಸ್ಪಿಂಡಲ್‌ನ ಓಲಾಟವನ್ನು ಡಯಲ್ ಗೇಜ್ ಇಟ್ಟು ಅಳೆಯುತ್ತಾನೆ. ಯಂತ್ರವು ಯಾವ ಕಾರ್ಖಾನೆಯಲ್ಲಿ, ದಿನಕ್ಕೆ ಎಷ್ಟು ಪಾಳಿ ದುಡಿದಿದೆಯೆಂದು ವಿಚಾರಿಸುತ್ತಾನೆ. ಅದೇ ವ್ಯಕ್ತಿ ಮಗನಿಗಾಗಿಯೋ ಮರುಮಾರಾಟಕ್ಕಾಗಿಯೋ ಬಳಸಿದ ಸ್ಪೋರ್ಟ್ಸ್ ಮೋಟಾರ್ ಸೈಕಲ್ ಕೊಳ್ಳಲು ಹೋದಾಗ ಮೀಟರಿನಲ್ಲಿರುವ ಕಿಲೋಮೀಟರ್ ಸಂಖ್ಯೆಯನ್ನೂ ಹೊಳೆಯುವ ಮೈಯನ್ನೂ ನೋಡಿ ಮುಂಗಡ ಕೊಟ್ಟು ಬರುವುದುಂಟು. ಒಂದೂವರೆ ಲಕ್ಷದಿಂದ ಮೂರು ಲಕ್ಷ ರೂಪಾಯಿವರೆಗಿನ ವ್ಯವಹಾರದಲ್ಲಿ ಇಷ್ಟು ಉದಾರತೆ ಸಲ್ಲದು. ಮೇಲಾಗಿ, ಇಲ್ಲಿ ಕಣ್ತಪ್ಪಿದ ದೋಷವೊಂದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಪ್ರಕಟವಾಗುವ ಸಂಭವವಿರುತ್ತದೆ.

ನಮ್ಮ ದೇಶದಲ್ಲಿ ಈ ವರ್ಗದ ವಾಹನಗಳು ಸಾಮಾನ್ಯರ ಕೈಗೆಟುಕಿದ್ದು ಇತ್ತೀಚೆಗೆ. 2008ರಲ್ಲಿ ಯಮಾಹಾ ಆರ್15, 2009ರಲ್ಲಿ ಕವಾಸಾಕಿ ನಿಂಜಾ 250ಆರ್, 2011ರಲ್ಲಿ ಹೋಂಡಾ ಸಿಬಿಆರ್ 250ಆರ್, 2014ರಲ್ಲಿ ಕೆಟಿಎಂ ಆರ್‌ಸಿ 390, 2017ರ ಡಿಸೆಂಬರಿನಲ್ಲಿ ನೆರೆಯ ಹೊಸೂರಿನ ಟಿವಿಎಸ್ ಸಂಸ್ಥೆಯ ಅಪಾಚೆ ಆರ್‌ಆರ್ 310 ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಬಹಳಷ್ಟು ಈಗ ಎರಡನೆಯ ಅಥವಾ ಮೂರನೆಯ ಮಾಲೀಕರ ಬಳಿ ಇವೆ. ಬೆಂಗಳೂರಿನಲ್ಲಿ ಕೈಬದಲಾದ ಗಾಡಿಗಳು ತುಮಕೂರು, ದಾವಣಗೆರೆ, ಹುಬ್ಬಳ್ಳಿಯ ವ್ಯಾಪಾರಸ್ಥರ ಅಂಗಳಕ್ಕೂ ಬಂದು ನಿಲ್ಲುತ್ತವೆ.

ದಿನನಿತ್ಯದ ಓಡಾಟದ ಗಾಡಿಗೆ ವಯಸ್ಸು ಮತ್ತು ಓಡಿದ ದೂರ ಇವೆರಡನ್ನು ಆಧರಿಸಿ ಬೆಲೆ ಕಟ್ಟಿದರೆ ದೊಡ್ಡ ತಪ್ಪೇನೂ ಆಗದು. ಸ್ಪೋರ್ಟ್ಸ್ ಮೋಟಾರ್ ಸೈಕಲ್ಲಿಗೆ ಈ ಅಳತೆಗೋಲು ಸಾಲದು. ಪ್ರತಿದಿನ ಕಚೇರಿಗೆ ಹೋಗಿ ಬಂದು, ಸಕಾಲದಲ್ಲಿ ಎಣ್ಣೆ ಬದಲಾಯಿಸಿಕೊಂಡು 30,000 ಕಿ.ಮೀ. ಓಡಿದ ಗಾಡಿಯು, ಭಾನುವಾರದ ಮುಂಜಾನೆಗಳಲ್ಲಿ ಮಾತ್ರ ನಂದಿಬೆಟ್ಟದ ತಿರುವುಗಳಲ್ಲಿ ಹಿಂಡಿಸಿಕೊಂಡು 9,000 ಕಿ.ಮೀ. ಓಡಿದ ಗಾಡಿಗಿಂತ ಎಷ್ಟೋ ಮೇಲಾಗಿರಬಹುದು. ಆದುದರಿಂದ ಕೊಳ್ಳುವವನು ಅರಿಯಬೇಕಾದುದು ಗಾಡಿ ಎಷ್ಟು ಓಡಿದೆ ಎಂಬುದಕ್ಕಿಂತ ಹೆಚ್ಚಾಗಿ, ಅದು ಹೇಗೆ ಓಡಿದೆ ಮತ್ತು ಬಿದ್ದಿದೆಯೇ ಎಂಬುದನ್ನು. ಮಾರುವವನು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ, ಗಾಡಿಯೇ ಹೇಳುತ್ತದೆ.

ಬಿದ್ದ ಗುರುತುಗಳು

ಪರಿಶೀಲನೆಯನ್ನು ಹಗಲು ಬೆಳಕಿನಲ್ಲಿಯೇ ಮಾಡತಕ್ಕದ್ದು. ತೊಳೆದು ಇನ್ನೂ ಒದ್ದೆಯಾಗಿರುವ ಗಾಡಿಯ ಮೇಲೆ ಗೀರುಗಳು ಕಾಣವು, ಒರೆಸಿಸಿ ನೋಡಬೇಕು.

ನೆಲಕ್ಕೆ ಮೊದಲು ತಾಗುವ ಭಾಗಗಳು ಹ್ಯಾಂಡಲ್ಲಿನ ತುದಿಯ ಗುಂಡು, ಬ್ರೇಕ್ ಮತ್ತು ಕ್ಲಚ್ ಲಿವರುಗಳ ತುದಿ, ಕಾಲಿಡುವ ಪೆಗ್, ಇಂಜಿನಿನ ಪಕ್ಕದ ಮುಚ್ಚಳ ಮತ್ತು ಸೈಲೆನ್ಸರಿನ ಹೊರಮೈ. ಒಂದೇ ಜಾಗದಲ್ಲಿ ಚುಕ್ಕೆಯಂತಹ ಪೆಟ್ಟಿದ್ದರೆ ಗಾಡಿ ನಿಂತಲ್ಲಿಯೇ ಒರಗಿ ಬಿದ್ದಿರಬೇಕು. ಇದು ಚಿಂತಿಸುವ ವಿಷಯವಲ್ಲ, ಬೆಲೆಯಲ್ಲಿ ಸರಿಹೊಂದಿಸಿಕೊಳ್ಳಬಹುದು. ಮುಂದಿನಿಂದ ಹಿಂದಕ್ಕೆ ಎಳೆದಂತಹ ಉದ್ದನೆಯ ಗೀರುಗಳಿದ್ದರೆ ಅದು ಓಡುತ್ತಿರುವಾಗಲೇ ಜಾರಿದೆ ಎಂದರ್ಥ. ಎರಡೂ ಲಿವರುಗಳು ಹೊಚ್ಚ ಹೊಸತಾಗಿದ್ದು ಉಳಿದುದೆಲ್ಲ ಹಳತಾಗಿದ್ದರೆ ಹಳೆಯವು ಏನಾದವೆಂದು ಕೇಳಬೇಕು.

ಫೇರಿಂಗ್ ಎಂದು ಕರೆಯಲಾಗುವ ಪ್ಲಾಸ್ಟಿಕ್ ಮೈಹೊದಿಕೆಯು ಈ ಗಾಡಿಗಳ ಆಕರ್ಷಣೆ. ಮಾರುವವನಿಗೆ ಅದೇ ಒಳ್ಳೆಯ ಪರದೆಯೂ ಹೌದು. ಹೊರಗಿನಿಂದ ಹೊಸದಾಗಿ ಬಣ್ಣ ಹೊಡೆಸಿದ್ದರೂ ಒಳಗಿನ ಕೊಂಡಿಗಳು ಮುರಿದಿರುವುದನ್ನು ಮುಚ್ಚಲಾಗದು. ಬೋಲ್ಟುಗಳ ಬದಲು ಪ್ಲಾಸ್ಟಿಕ್ ಪಟ್ಟಿ ಕಟ್ಟಿರುವುದು, ಒಂದು ಪಕ್ಕದ ಕೆಂಪಿಗೂ ಇನ್ನೊಂದು ಪಕ್ಕದ ಕೆಂಪಿಗೂ ಛಾಯೆಯ ವ್ಯತ್ಯಾಸವಿರುವುದು, ಜೋಡಣೆಯ ಸಂದು ಒಂದೆಡೆ ಕಿರಿದು ಒಂದೆಡೆ ಅಗಲವಾಗಿರುವುದು, ಇವೆಲ್ಲವೂ ಸಾಕ್ಷ್ಯಗಳೇ. ಮಾರುವವನು ಒಪ್ಪಿದರೆ ಒಂದು ಬದಿಯ ಹೊದಿಕೆಯನ್ನಾದರೂ ಬಿಚ್ಚಿಸಿ ನೋಡುವುದು ಉತ್ತಮ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಎಲ್ಲಕ್ಕಿಂತ ಮುಖ್ಯವಾದ ಜಾಗ, ಹೆಚ್ಚಿನವರು ಬಗ್ಗಿ ನೋಡದ ಜಾಗ, ಹ್ಯಾಂಡಲ್ಲಿನ ಕೆಳಗಿರುವ ಕತ್ತಿನ ಭಾಗ. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿದಾಗ ಅದನ್ನು ತಡೆದು ನಿಲ್ಲಿಸುವ ಚಿಕ್ಕ ಲೋಹದ ಗೂಟಗಳು ಅಲ್ಲಿರುತ್ತವೆ. ಅವು ಚಪ್ಪಟೆಯಾಗಿದ್ದರೆ, ಬಾಗಿದ್ದರೆ, ಹೊಸ ವೆಲ್ಡಿಂಗ್ ಅಥವಾ ಹೊಸ ಬಣ್ಣ ಕಂಡುಬಂದರೆ, ಮುಂಚಕ್ರವು ಬಲವಾದ ಹೊಡೆತ ತಿಂದಿದೆಯೆಂದು ತಿಳಿಯಬೇಕು. ಹಾಗೆಯೇ ಕತ್ತಿನ ಸುತ್ತಲಿನ ಬೆಸುಗೆಗಳ ಮೇಲೆ ಬಣ್ಣ ಕೂದಲೆಳೆಯಂತೆ ಬಿರುಕು ಬಿಟ್ಟಿದೆಯೇ ನೋಡಬೇಕು. ಆರ್‌ಸಿ 390, ಆರ್‌ಆರ್ 310 ಇವುಗಳ ಚೌಕಟ್ಟು ಉಕ್ಕಿನ ಕೊಳವೆಗಳ ಜಾಲರಿ. ಕೊಳವೆಗಳು ಸೇರುವೆಡೆ ಬೆರಳಾಡಿಸಿದರೆ ತಗ್ಗು ಅಥವಾ ಉಬ್ಬು ತಿಳಿದುಬಿಡುತ್ತದೆ. ಚೌಕಟ್ಟಿನಲ್ಲಿ ದೋಷ ಕಂಡ ಗಾಡಿಯನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬಾರದು. ಉಳಿದೆಲ್ಲ ದೋಷಗಳಿಗೂ ಒಂದು ಬೆಲೆಯಿದೆ, ಇದಕ್ಕಿಲ್ಲ.

ಎರಡೂ ಚಕ್ರಗಳು ಒಂದೇ ರೇಖೆಯಲ್ಲಿವೆಯೇ ಎಂದು ತಿಳಿಯಲು ಹಳೆಯ ಮೆಕ್ಯಾನಿಕ್‌ಗಳ ದಾರದ ವಿಧಾನವೇ ಸಾಕು. ಹಿಂದಿನ ಟೈರಿನ ಹಿಂಬದಿಯಿಂದ ದಾರವನ್ನು ಸುತ್ತಿ ಎರಡೂ ಪಕ್ಕಗಳಲ್ಲಿ ಮುಂದಕ್ಕೆ ಬಿಗಿಯಾಗಿ ಹಿಡಿದರೆ, ಹಿಂದಿನ ಟೈರು ಹೆಚ್ಚು ಅಗಲವಿರುವುದರಿಂದ ಮುಂದಿನ ಟೈರಿನ ಇಬ್ಬದಿಯಲ್ಲೂ ಸಂದು ಉಳಿಯುತ್ತದೆ. ಹ್ಯಾಂಡಲ್ ನೇರವಾಗಿರುವಾಗ ಆ ಎರಡು ಸಂದುಗಳೂ ಸಮನಾಗಿರಬೇಕು.

ಸೀಟನ್ನು ತೆಗೆದು ಕೆಳಗೆ ನೋಡುವುದನ್ನು ಮರೆಯಬಾರದು. ತಂತಿಗಳನ್ನು ಕತ್ತರಿಸಿ ಟೇಪು ಸುತ್ತಿದ್ದರೆ ಗಾಡಿಗೆ ಯಾವುದೋ ಹೆಚ್ಚುವರಿ ಸಾಧನ ಜೋಡಿಸಿ ತೆಗೆಯಲಾಗಿದೆ. ಮೂಲೆಗಳಲ್ಲಿ ನುಣ್ಣನೆಯ ಮಣ್ಣು, ಕನೆಕ್ಟರುಗಳಲ್ಲಿ ಹಸಿರು ಕಿಲುಬು, ಹೆಡ್‌ಲೈಟಿನ ಒಳಗೆ ನೀರಿನ ಗೆರೆ ಕಂಡುಬಂದರೆ ಗಾಡಿ ನೀರಿನಲ್ಲಿ ಮುಳುಗಿತ್ತೆಂದು ಶಂಕಿಸಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಭಾಗಗಳು ಜಲಾವೃತವಾದಾಗ ನೆಲಮಾಳಿಗೆಗಳಲ್ಲಿದ್ದ ವಾಹನಗಳ ಗತಿ ಏನಾಯಿತೆಂಬುದು ಓದುಗರ ನೆನಪಿನಲ್ಲಿರಬಹುದು.

ಇಂಜಿನು

ನೋಡಲು ಬರುವ ಮುನ್ನ ಇಂಜಿನನ್ನು ಚಾಲನೆ ಮಾಡಿ ಇಡಬಾರದೆಂದು ಮಾರುವವನಿಗೆ ತಿಳಿಸಿರಬೇಕು. ತಲುಪಿದೊಡನೆ ಇಂಜಿನಿನ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಒಂದು ಲೋಟ ಕಾಫಿ ಕುಡಿದು ಕಾಯುವುದು ಲೇಸು. ತಣ್ಣಗಿರುವ ಇಂಜಿನು ಮಾತ್ರ ಸುಳ್ಳು ಹೇಳುವುದಿಲ್ಲ.

ಚಾಲನೆಗೆ ಮೊದಲು ಎಣ್ಣೆಯ ಮಟ್ಟ ಮತ್ತು ಬಣ್ಣ ನೋಡಬೇಕು. ಎಣ್ಣೆ ಕಪ್ಪಾಗಿದ್ದರೆ ಬದಲಾಯಿಸಬಹುದು. ಹಾಲು ಬೆರೆತ ಕಾಫಿಯಂತಿದ್ದರೆ ಶೀತಕ ದ್ರವವು ಎಣ್ಣೆಯೊಳಗೆ ಸೇರುತ್ತಿದೆ, ಅದು ದುಬಾರಿ ರಿಪೇರಿ. ಇಗ್ನಿಷನ್ ಕೀಲಿ ತಿರುಗಿಸಿದಾಗ ಇಂಜಿನ್ ದೋಷಸೂಚಕ ದೀಪ ಹೊತ್ತಿ, ಚಾಲನೆಯಾದ ಬಳಿಕ ಆರಬೇಕು. ಆ ದೀಪ ಹೊತ್ತಿಕೊಳ್ಳದೆಯೇ ಇದ್ದರೆ ಅದನ್ನು ನಿಷ್ಕ್ರಿಯಗೊಳಿಸಿರುವ ಸಾಧ್ಯತೆಯುಂಟು. ಎಬಿಎಸ್ ದೀಪವು ಗಾಡಿ ತುಸು ಚಲಿಸಿದ ಮೇಲೆ ಆರುವುದು ಸಹಜ.

ಹೊಗೆ ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆ. ಇಂಜಿನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಸಿಹಿ ವಾಸನೆಯೂ ಇದ್ದರೆ, ಶೀತಕ ದ್ರವ ಸುಡುತ್ತಿದೆ. ಇಲ್ಲಿ ಕೈಗಾರಿಕೋದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದುಂಟು. ಹಳೆಯ ಗಾಡಿಗಳಲ್ಲಿ ಸಿಲಿಂಡರ್ ಸವೆದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವುದು ವಾಡಿಕೆ. ಆರ್15ರ ಸಿಲಿಂಡರ್ ಕಬ್ಬಿಣದ ಒಳಪದರವಿಲ್ಲದ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹದ್ದು. ಕೆಟಿಎಂ 390ರ ಸಿಲಿಂಡರಿಗೆ ನಿಕಲ್ ಆಧಾರಿತ ಗಟ್ಟಿ ಲೇಪನವಿದೆ. ಇವನ್ನು ಆ ರೀತಿ ಬೋರ್ ಮಾಡಿಸಲಾಗದು, ಸವೆದರೆ ಸಿಲಿಂಡರನ್ನೇ ಬದಲಾಯಿಸಬೇಕು. “ಸ್ವಲ್ಪ ಹೊಗೆ ಬರುತ್ತದೆ, ಬೋರ್ ಮಾಡಿಸಿದರಾಯಿತು” ಎಂಬ ಮಾತನ್ನು ನಂಬಿ ಬೆಲೆ ನಿಗದಿ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ.

ಇಂಜಿನನ್ನು ನಿಂತಲ್ಲಿಯೇ ಓಡಲು ಬಿಟ್ಟು ರೇಡಿಯೇಟರ್ ಫ್ಯಾನ್ ತಾನಾಗಿ ಚಾಲನೆಗೊಳ್ಳುವವರೆಗೂ ಕಾಯಬೇಕು. ಫ್ಯಾನ್ ಕೆಟ್ಟಿದ್ದರೆ ಊರ ಹೊರಗಿನ ರಸ್ತೆಯಲ್ಲಿ ತಿಳಿಯುವುದಿಲ್ಲ, ಸಿಲ್ಕ್ ಬೋರ್ಡ್ ವೃತ್ತದಲ್ಲಿ ತಿಳಿಯುತ್ತದೆ. ಅನಂತರ ಓಡಿಸಿ ನೋಡುವಾಗ ಮೇಲಿನ ಗೇರಿನಲ್ಲಿ ಮಧ್ಯಮ ವೇಗದಿಂದ ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಇಂಜಿನಿನ ಸುತ್ತು ಏರಿ ವೇಗ ಏರದಿದ್ದಲ್ಲಿ ಕ್ಲಚ್ ಜಾರುತ್ತಿದೆ. ಎರಡನೆಯ ಗೇರು ಭಾರ ಬಿದ್ದಾಗ ತಾನೇ ಕಳಚಿಕೊಳ್ಳುತ್ತಿದ್ದರೆ ಗಾಡಿಯ ಮೇಲೆ ಸರ್ಕಸ್ ನಡೆದಿದೆ. ಗೇರ್‌ಬಾಕ್ಸ್ ಬಿಚ್ಚಬೇಕೆಂದರೆ ಇಂಜಿನನ್ನೇ ಕೆಳಗಿಳಿಸಬೇಕಾಗುತ್ತದೆ.

ಬಹುಕಾಲ ನಿಂತೇ ಇದ್ದ ಗಾಡಿಯ ಟ್ಯಾಂಕಿನೊಳಗೆ ಟಾರ್ಚ್ ಹಾಕಿ ತುಕ್ಕು ನೋಡಬೇಕು. 2025ರಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ದೇಶದೆಲ್ಲೆಡೆ ಸಾಮಾನ್ಯವಾಗಿದೆ. ಎಥನಾಲ್ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. 2023ಕ್ಕಿಂತ ಮೊದಲಿನ ಗಾಡಿಗಳಲ್ಲಿ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳ ಸ್ಥಿತಿಯನ್ನೂ ನೋಡುವುದು ಕ್ಷೇಮ.

ಟೈರು, ಚೈನು, ಬ್ರೇಕು

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆಗಳು ಆಳವಾಗಿದ್ದರೂ ಐದಾರು ವರ್ಷ ದಾಟಿದ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಟೈರಿನ ಅಂಚಿನವರೆಗೂ ಸವೆತವಿದ್ದರೆ ಗಾಡಿ ತಿರುವುಗಳಲ್ಲಿ ಬಾಗಿ ಓಡಿದೆ. ನಡುವೆ ಮಾತ್ರ ಚಪ್ಪಟೆಯಾಗಿದ್ದರೆ ಹೆದ್ದಾರಿಯಲ್ಲಿ ಓಡಿದೆ. ಬೋಲ್ಟುಗಳ ತಲೆಯಲ್ಲಿ ತಂತಿ ಹಾಯಿಸಲು ಸಣ್ಣ ರಂಧ್ರ ಕೊರೆದಿದ್ದರೆ ಅದು ಶ್ರೀಪೆರಂಬದೂರು ಅಥವಾ ಕೊಯಮತ್ತೂರಿನ ರೇಸ್ ಪಥಗಳಂತಹ ಕಡೆ ಓಡಿರುವ ಗಾಡಿ ಎಂಬುದರಲ್ಲಿ ಅನುಮಾನ ಬೇಡ.

ಚೈನನ್ನು ಹಿಂದಿನ ಹಲ್ಲುಚಕ್ರದಿಂದ ಹೊರಕ್ಕೆ ಎಳೆದಾಗ ಅರ್ಧ ಹಲ್ಲು ಕಾಣುವಷ್ಟು ಬಂದರೆ ಚೈನು, ಎರಡು ಹಲ್ಲುಚಕ್ರಗಳು ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. ಬ್ರೇಕ್ ಡಿಸ್ಕಿನ ಮೇಲೆ ಇರಬೇಕಾದ ಕನಿಷ್ಠ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಚ್ಚೊತ್ತಿರುತ್ತಾರೆ, ಅಳೆಯಲು ವರ್ನಿಯರ್ ಸಾಕು. ಮುಂದಿನ ಫೋರ್ಕಿನ ಕೊಳವೆಗಳ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲು ಹೋಗಿದೆ. 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ಸಿಬಿಆರ್ 250ಆರ್ ಮುಂತಾದವು ಎಬಿಎಸ್ ಇರುವಂತೆಯೂ ಇಲ್ಲದಂತೆಯೂ ಮಾರಾಟವಾಗಿವೆ. ಎರಡಕ್ಕೂ ಒಂದೇ ಬೆಲೆ ಕೊಡಬಾರದು.

ಮೀಟರಿನ ಸಂಖ್ಯೆಯನ್ನು ಇವೆಲ್ಲವುಗಳ ಜೊತೆ ತಾಳೆ ನೋಡಬೇಕು. 8,000 ಕಿ.ಮೀ. ತೋರಿಸುವ ಗಾಡಿಯಲ್ಲಿ ಡಿಸ್ಕ್ ತೆಳುವಾಗಿ, ಗೇರ್ ಪೆಡಲಿನ ರಬ್ಬರ್ ನುಣುಪಾಗಿ, ಕೀಲಿಯ ಅಕ್ಷರಗಳೂ ಅಳಿಸಿದ್ದರೆ ಮೀಟರನ್ನು ನಂಬಲಾಗದು. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಗಾಡಿಯ ಹಳೆಯ ದಾಖಲೆ ಕೇಳಿದರೆ ಯಾವ ದಿನಾಂಕದಂದು ಎಷ್ಟು ಕಿ.ಮೀ. ಆಗಿತ್ತೆಂಬುದು ದೊರೆಯುತ್ತದೆ. ಮಾಲೀಕನನ್ನೇ ಜೊತೆಗೆ ಕರೆದೊಯ್ಯುವುದು ಸುಲಭ ಮಾರ್ಗ.

ದಾಖಲೆ ಪತ್ರಗಳು

ಯಂತ್ರ ಚೆನ್ನಾಗಿದ್ದು ಕಾಗದ ಕೆಟ್ಟಿದ್ದರೆ ಕೊಂಡವನ ಹಣ ಸಿಕ್ಕಿಹಾಕಿಕೊಂಡಂತೆಯೇ. ಕತ್ತಿನ ಬಳಿ ಕೊರೆದಿರುವ ಚಾಸಿ ಸಂಖ್ಯೆಯನ್ನೂ ಇಂಜಿನ್ ಸಂಖ್ಯೆಯನ್ನೂ ನೋಂದಣಿ ಪತ್ರದೊಡನೆ ಅಕ್ಷರಶಃ ಹೋಲಿಸಬೇಕು. ಚಾಸಿ ಸಂಖ್ಯೆಯ 17 ಸ್ಥಾನಗಳಲ್ಲಿ 10ನೆಯದು ಸಾಮಾನ್ಯವಾಗಿ ತಯಾರಿಕಾ ವರ್ಷದ ಸಂಕೇತ: ಜೆ ಎಂದರೆ 2018, ಕೆ ಎಂದರೆ 2019, ಎಲ್ ಎಂದರೆ 2020. 2019ರ ಗಾಡಿಯೆಂದು ಹೇಳಿದ್ದು 2018ರ ತಯಾರಿಕೆಯಾಗಿರುವುದು ಹೀಗೆ ಬಯಲಾಗುತ್ತದೆ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿಯ ಸ್ಥಿತಿ, ಸಾಲದ ನಮೂದು ಮತ್ತು ವಿಮೆಯ ಅವಧಿಯನ್ನು ನೋಡಬಹುದು. ಬಾಕಿ ಇರುವ ಸಂಚಾರ ದಂಡಗಳನ್ನು ಮಾರುವವನಿಂದಲೇ ಕಟ್ಟಿಸಿಕೊಳ್ಳಬೇಕು.

ವಿಮಾ ಪತ್ರವನ್ನು ವ್ಯಾಪಾರಸ್ಥರು ಅವಧಿ ನೋಡಿ ಮಡಚಿಡುತ್ತಾರೆ. ಅದರಲ್ಲಿ ನಮೂದಾಗಿರುವ ‘ನೋ ಕ್ಲೇಮ್ ಬೋನಸ್’ ದರವು ಬಹಳಷ್ಟನ್ನು ಹೇಳುತ್ತದೆ. ಪರಿಹಾರ ಕೇಳದ ಪ್ರತಿ ವರ್ಷವೂ ಈ ರಿಯಾಯಿತಿ ಶೇ. 20, 25, 35, 45, 50 ಎಂದು ಏರುತ್ತ ಹೋಗುತ್ತದೆ. ಸ್ವಂತ ಹಾನಿಯ ವಿಮೆಯನ್ನು ತಪ್ಪದೆ ನವೀಕರಿಸುತ್ತ ಬಂದ ನಾಲ್ಕು ವರ್ಷದ ಗಾಡಿಗೆ ಬೋನಸ್ ಸೊನ್ನೆಯಾಗಿದ್ದರೆ, ಹಿಂದಿನ ವರ್ಷ ಯಾವುದೋ ಹಾನಿಗೆ ಪರಿಹಾರ ಪಡೆಯಲಾಗಿದೆ. ಏನು ಹಾನಿ ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಸಾಲದ ಮೇಲೆ ಕೊಂಡ ಗಾಡಿಯಾದರೆ ಬ್ಯಾಂಕಿನ ಬಾಕಿಯಿಲ್ಲದ ಪತ್ರ ಮತ್ತು ನಮೂನೆ 35 ಇಲ್ಲದೆ ಪೂರ್ತಿ ಹಣ ಕೊಡಬಾರದು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ 50ನೇ ಪ್ರಕರಣದಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಸಹಿ ಮಾಡಿದ ಖಾಲಿ ನಮೂನೆಗಳೊಡನೆ ಗಾಡಿ ಮೂರು ನಾಲ್ಕು ಕೈ ದಾಟುವ ಪದ್ಧತಿ ಎಷ್ಟು ಅಪಾಯಕರವೆಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿಯ ತೀರ್ಪೊಂದು ಸಾಕ್ಷಿ. ವಾಹನವು ಹಲವು ಬಾರಿ ಮಾರಾಟವಾಗಿದ್ದರೂ, ಅಪಘಾತದ ದಿನ ನೋಂದಣಿ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರೇ ಮಾಲೀಕರೆಂದೂ ಪರಿಹಾರಕ್ಕೆ ಹೊಣೆಯೆಂದೂ ನ್ಯಾಯಾಲಯ ತೀರ್ಮಾನಿಸಿತು. ಬಳಸಿದ ವಾಹನಗಳ ವ್ಯಾಪಾರಿಗಳಿಗೆ ಅಧಿಕಾರ ಪತ್ರ ನೀಡುವ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ, ಈ ವ್ಯಾಪಾರದಲ್ಲಿರುವವರು ಅದನ್ನು ಪಡೆದುಕೊಳ್ಳುವುದು ಅವಶ್ಯ.

ಹೊರರಾಜ್ಯದ ಗಾಡಿ ಅಗ್ಗವೆನಿಸುವುದು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದಿರುವಾಗ ಮಾತ್ರ. ನಿರಾಕ್ಷೇಪಣಾ ಪತ್ರಕ್ಕಾಗಿ ನಮೂನೆ 28, ಇಲ್ಲಿನ ಹೊಸ ಸಂಖ್ಯೆ ಮತ್ತು ತೆರಿಗೆ ಸೇರಿದ ಮೇಲೆ ಉಳಿತಾಯ ಎಷ್ಟೆಂದು ನೋಡಬೇಕು. 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ಇರಿಸಿಕೊಳ್ಳುವ ವಾಹನಕ್ಕೆ ಇಲ್ಲಿನ ಸಂಖ್ಯೆ ಪಡೆಯುವುದು ಕಡ್ಡಾಯ.

ಕಿವಿಗಡಚಿಕ್ಕುವ ಸೈಲೆನ್ಸರ್, ಬದಲಾಯಿಸಿದ ಇಂಜಿನ್ ಭಾಗಗಳನ್ನು ಮಾರುವವನು ಹೆಚ್ಚುವರಿ ಮೌಲ್ಯವೆಂದು ತೋರಿಸುತ್ತಾನೆ. ಕಾನೂನಿನ ದೃಷ್ಟಿಯಲ್ಲಿ ಅದು ಋಣ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಮೂಲ ಸೈಲೆನ್ಸರ್ ಕೊಡದಿದ್ದರೆ ಅದರ ಬೆಲೆಯನ್ನು ಕಳೆಯಬೇಕು. ಇನ್ನು, ಗಾಡಿ ಕೇಳುತ್ತಿರುವ ಮಗನಿಗೆ 18 ತುಂಬಿರದಿದ್ದರೆ ಈ ಲೇಖನವನ್ನು ಇಲ್ಲಿಗೇ ಮಡಚಿಡಬಹುದು. ಅಪ್ರಾಪ್ತ ವಯಸ್ಕನ ಅಪರಾಧಕ್ಕೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡವಿದೆ.

ಬೆಲೆ ಮತ್ತು ತೆರಿಗೆ

2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. 350 ಸಿಸಿವರೆಗಿನ ಹೊಸ ಮೋಟಾರ್ ಸೈಕಲ್ಲುಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಅದನ್ನು ಮೀರಿದವುಗಳ ಮೇಲೆ ಪರಿಹಾರ ಸೆಸ್ ಸೇರಿ ಶೇ. 31 ಇದ್ದದ್ದು 40ಕ್ಕೆ ಏರಿತು. ತೆರಿಗೆಗೆ ಮುನ್ನ 2,00,000 ರೂಪಾಯಿ ಬೆಲೆಯ ಚಿಕ್ಕ ಗಾಡಿ ಹಿಂದೆ 2,56,000 ಆಗುತ್ತಿದ್ದದ್ದು 2,36,000ಕ್ಕೆ ಇಳಿಯುತ್ತದೆ. 3,00,000ದ ದೊಡ್ಡ ಗಾಡಿ 3,93,000ದಿಂದ 4,20,000ಕ್ಕೆ ಏರುತ್ತದೆ. ಆದುದರಿಂದ ಆರ್15, ನಿಂಜಾ 300, ಆರ್‌ಆರ್ 310 ಮಾರುವವನು ತಾನು ಹಿಂದೆ ಕೊಟ್ಟ ಬೆಲೆಯನ್ನು ಆಧರಿಸಿ ಲೆಕ್ಕ ಹೇಳಿದರೆ ಒಪ್ಪಬೇಕಾಗಿಲ್ಲ. ಹೊಸ ಗಾಡಿಯ ಬೆಲೆಯೇ ಇಳಿದಾಗ ಹಳೆಯದರದೂ ಇಳಿಯಬೇಕು. 373 ಸಿಸಿಯ ಹಳೆಯ ಆರ್‌ಸಿ 390ರಂತಹ ಗಾಡಿಗಳ ವಿಷಯದಲ್ಲಿ ಮಾರುವವನ ಕೈ ಮೇಲಾಗಿದೆ.

ನೋಂದಾಯಿತ ವ್ಯಾಪಾರಿಯು ಬಳಸಿದ ಗಾಡಿಯನ್ನು ಮಾರಿದಾಗ, ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಲಾಭಾಂಶದ ಮೇಲೆ ಮಾತ್ರ ತೆರಿಗೆ. ಈ ದರ 2025ರ ಜನವರಿಯಲ್ಲಿ ಶೇ. 18 ಆಯಿತು. 1,50,000ಕ್ಕೆ ಕೊಂಡು 1,70,000ಕ್ಕೆ ಮಾರಿದರೆ 20,000ದ ಮೇಲೆ 3,600 ರೂಪಾಯಿ. ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ. ಸಂಸ್ಥೆಯ ಹೆಸರಿನಲ್ಲಿ ಕೊಂಡು ಆದಾಯ ತೆರಿಗೆಯಲ್ಲಿ ಸವಕಳಿ ಪಡೆದಿದ್ದರೆ ಲಾಭಾಂಶವನ್ನು ಕೊಂಡ ಬೆಲೆಯಿಂದಲ್ಲ, ಸವಕಳಿ ಕಳೆದು ಉಳಿದ ಪುಸ್ತಕ ಮೌಲ್ಯದಿಂದ ಎಣಿಸಬೇಕು. ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೂ ತೆರಿಗೆ ಬರುವುದು ಇಲ್ಲಿಯೇ.

ಚೌಕಾಶಿಗೆ ಕೂರುವ ಮುನ್ನ ಟೈರು ಜೋಡಿ, ಚೈನ್ ಸೆಟ್, ಬ್ರೇಕ್ ಪ್ಯಾಡ್, ಫೋರ್ಕ್ ಸೀಲು, ಒಡೆದ ಫೇರಿಂಗ್ ಇವುಗಳ ಬೆಲೆಯನ್ನು ಅಧಿಕೃತ ಬಿಡಿಭಾಗ ಮಾರಾಟಗಾರರಲ್ಲಿಯೂ ಜೆ.ಸಿ. ರಸ್ತೆಯಲ್ಲಿಯೂ ವಿಚಾರಿಸಿ ಬರೆದಿಟ್ಟುಕೊಂಡರೆ ಮಾತು ಚುಟುಕಾಗುತ್ತದೆ. ತಯಾರಿಕೆ ನಿಂತುಹೋದ ಮಾದರಿಗಳಾದರೆ ಭಾಗಗಳು ಸಿಗುತ್ತವೆಯೇ ಎಂಬುದೇ ಮೊದಲ ಪ್ರಶ್ನೆ.

ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸಿ, ಗಾಡಿ ಕೈಸೇರಿದ ದಿನಾಂಕ ಹಾಗೂ ವೇಳೆಯನ್ನು ನಮೂದಿಸಿದ ಪತ್ರಕ್ಕೆ ಇಬ್ಬರೂ ಸಹಿ ಮಾಡಬೇಕು. ಆ ವೇಳೆಗೆ ಹಿಂದಿನ ದಂಡ ಮತ್ತು ಅಪಘಾತಗಳು ಮಾರಿದವನವು, ಮುಂದಿನವು ಕೊಂಡವನವು ಎಂಬ ಮಾತೂ ಅದರಲ್ಲಿರಲಿ. ವಿಮೆಯ ಹೆಸರು ಬದಲಾವಣೆಗೆ 14 ದಿನಗಳೊಳಗೆ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಹೊಸ ಮಾಲೀಕನಿಗೆ ಬರುವುದಿಲ್ಲವಾದ್ದರಿಂದ ಕಂಪನಿಯು ಆ ವ್ಯತ್ಯಾಸವನ್ನು ಕೇಳುತ್ತದೆ. ಆ ಮೊತ್ತವನ್ನೂ ಖರೀದಿ ಬೆಲೆಯಲ್ಲಿಯೇ ಸೇರಿಸಿ ಎಣಿಸತಕ್ಕದ್ದು.